ಪದ ಪರಿಚಯ: ಅಹೆರಾ

ಅಹೆರಾ ಎಂಬುದು ಅಮೆರಿಕದ ಒಂದು ಕಾಯ್ದೆಯ ಚಿಕ್ಕ ಹೆಸರು. ಪೂರ್ಣ ಹೆಸರು ಆಸ್‌ಬೆಸ್ಟಾಸ್ ಹಜಾರ್ಡ್ ಎಮರ್ಜೆನ್ಸಿ ರೆಸ್ಪಾನ್ಸ್ ಆ್ಯಕ್ಟ್. 1986ರ ಅಕ್ಟೋಬರ್ 22ರಂದು ಅಧ್ಯಕ್ಷರ ಸಹಿ ಬಿತ್ತು. ಮರುವರ್ಷ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ನಿಯಮಗಳನ್ನು ಪ್ರಕಟಿಸಿತು. ಕಿಂಡರ್‌ಗಾರ್ಟನ್‌ನಿಂದ 12ನೇ ತರಗತಿವರೆಗಿನ ಸರ್ಕಾರಿ ಶಾಲೆಗಳು ಮತ್ತು ಲಾಭರಹಿತ ಖಾಸಗಿ ಶಾಲೆಗಳು ಇದಕ್ಕೆ ಒಳಪಡುತ್ತವೆ.

ಹೆಸರಿನಲ್ಲಿ ‘ಎಮರ್ಜೆನ್ಸಿ’ ಇದ್ದರೂ ಕಲ್ನಾರು (ಆಸ್‌ಬೆಸ್ಟಾಸ್; ಇದರ ಎಳೆ ಉಸಿರಿಗೆ ಸೇರಿದರೆ ಅಪಾಯ) ಕಂಡಲ್ಲೆಲ್ಲ ಕಿತ್ತುಹಾಕಿ ಎಂದು ಈ ಕಾಯ್ದೆ ಹೇಳುವುದಿಲ್ಲ. ಗಟ್ಟಿಯಾಗಿ ಕೂತಿರುವ, ಯಾರೂ ಕೆದಕದ ಕಲ್ನಾರಿನಿಂದ ಎಳೆಗಳು ಗಾಳಿಗೆ ಬರುವುದು ತೀರಾ ಕಡಿಮೆ. ಅರೆಬರೆ ತರಬೇತಿಯವರು ಅದನ್ನು ಒಡೆದು ತೆಗೆದರೆ ಮಾತ್ರ ಕಟ್ಟಡ ತುಂಬ ಧೂಳು. ಹಾಗಾಗಿ ಕಾಯ್ದೆ ಕೇಳುವುದು ಮುಖ್ಯವಾಗಿ ಒಂದು ಕಡತವನ್ನು: ಕಲ್ನಾರು ಎಲ್ಲಿದೆ, ಎಷ್ಟಿದೆ, ಯಾವ ಸ್ಥಿತಿಯಲ್ಲಿದೆ, ಅದಕ್ಕೆ ಏನು ಮಾಡಲಾಗಿದೆ. ಇದೇ ‘ಮ್ಯಾನೇಜ್‌ಮೆಂಟ್ ಪ್ಲಾನ್’. ಇದರ ಒಂದು ಪ್ರತಿ ಆಯಾ ಶಾಲೆಯ ಆಫೀಸಿನಲ್ಲೇ ಇರಬೇಕು.

ನಮ್ಮ ಕಡೆ ಆಸ್‌ಬೆಸ್ಟಾಸ್ ಎಂದರೆ ಮಾಡಿನ ಮೇಲಿನ ಅಲೆಅಲೆಯ ಶೀಟು. ವಿಚಿತ್ರವೆಂದರೆ ಅಹೆರಾ ಮಾಡನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದರ ಗಮನವೆಲ್ಲ ಕಟ್ಟಡದ ಒಳಗೆ. ಹೊರಗಿನದರಲ್ಲಿ ಸೇರುವುದು ಮುಚ್ಚಿದ ನಡೆದಾರಿ, ಪೋರ್ಟಿಕೋದಂಥ ಕೆಲವು ಮಾತ್ರ. ಒಳಗಿನ ವಸ್ತುಗಳಲ್ಲಿ ಮೂರು ಬಗೆ. ಒಂದು, ಉಕ್ಕಿನ ತೊಲೆಗೆ, ತಾರಸಿಯ ಕೆಳಭಾಗಕ್ಕೆ ಸಿಂಪಡಿಸಿದ ಅಥವಾ ಗಾರೆಯಂತೆ ಬಳಿದ ಪದರ. ಎರಡು, ಬಾಯ್ಲರ್, ಉಗಿ ಪೈಪುಗಳ ಶಾಖರಕ್ಷಕ ಹೊದಿಕೆ. ಮೂರು, ನೆಲದ ಟೈಲು, ಸೀಲಿಂಗ್ ಟೈಲು, ಪ್ರಯೋಗಾಲಯದ ಹಲಗೆಗಳಂಥ ಉಳಿದೆಲ್ಲವೂ. ತೂಕದಲ್ಲಿ 1%ಗಿಂತ ಹೆಚ್ಚು ಕಲ್ನಾರು ಇದ್ದರೆ ಅದು ನಿಯಮದಡಿ ಬರುತ್ತದೆ. ಒಣಗಿದಾಗ ಕೈಯಲ್ಲಿ ಹಿಸುಕಿದರೆ ಪುಡಿಯಾಗುವಂಥದ್ದನ್ನು ‘ಫ್ರಯಬಲ್’ ಎನ್ನುತ್ತಾರೆ. ಭಯಪಡಬೇಕಾದ್ದು ಮೊದಲು ಅದಕ್ಕೆ.

ತಪಾಸಣೆಯಲ್ಲಿ ಕಣ್ತಪ್ಪುವ ಜಾಗ ಪೈಪಿನ ಮೊಣಕೈ. ನೇರ ಪೈಪಿಗೆ ಹಳದಿ ಫೈಬರ್‌ಗ್ಲಾಸ್ ಸುತ್ತಿರುತ್ತದೆ. ಅದನ್ನು ನೋಡಿದವರು ‘ಕಲ್ನಾರು ಇಲ್ಲ’ ಎಂದು ಬರೆದು ಮುಂದೆ ಹೋಗುತ್ತಾರೆ. ಆದರೆ ಅದೇ ಪೈಪು ತಿರುಗುವಲ್ಲಿ, ವಾಲ್ವ್ ಇರುವಲ್ಲಿ ಫೈಬರ್‌ಗ್ಲಾಸ್ ಕೂರುವುದಿಲ್ಲವೆಂದು ಬೂದು ಬಣ್ಣದ ಗಾರೆ ಮೆತ್ತಿ, ಮೇಲೆ ಬಟ್ಟೆ ಸುತ್ತಿ ಬಣ್ಣ ಹೊಡೆದಿರುತ್ತಾರೆ. ಕಲ್ನಾರು ಇರುವುದು ಆ ಗಾರೆಯಲ್ಲಿ. ಒಂದು ನೆಲಮಾಳಿಗೆಯಲ್ಲೇ ಇಂಥ ಹತ್ತಾರು ಮೊಣಕೈಗಳು ಸಿಗಬಹುದು.

ಮಾದರಿ ತೆಗೆಯಲು ‘ಒಂದೇ ತೆರನ ಪ್ರದೇಶ’ ಎಂಬ ಅಳತೆಗೋಲಿದೆ: ಬಣ್ಣ, ಮೇಲ್ಮೈ, ಹಾಕಿದ ಕಾಲ ಮೂರೂ ಹೊಂದಬೇಕು. 1955ರ ಮೂಲ ಕಟ್ಟಡದ ಗಾರೆಯೂ 1968ರ ಹೊಸ ವಿಂಗ್‌ನ ಗಾರೆಯೂ ನೋಡಲು ಒಂದೇ ಥರ ಇದ್ದರೂ ಲೆಕ್ಕಕ್ಕೆ ಬೇರೆ ಬೇರೆ. ಸಿಂಪಡಿಸಿದ ಅಥವಾ ಬಳಿದ ಫ್ರಯಬಲ್ ಪದರಕ್ಕೆ 1,000 ಚದರಡಿವರೆಗೆ ಕನಿಷ್ಠ 3 ಮಾದರಿ, 5,000ದವರೆಗೆ 5, ಅದಕ್ಕೂ ಮೇಲೆ 7. ಅಷ್ಟೂ ಮಾದರಿಗಳು 1% ಒಳಗಿದ್ದರೆ ಮಾತ್ರ ಪ್ರದೇಶ ಪಾರು. ಒಂದು ದಾಟಿದರೂ ಇಡೀ ಪ್ರದೇಶ ಕಲ್ನಾರಿನದೇ. ಮಾದರಿ ತೆಗೆಯದೆ ‘ಇದೆ ಎಂದೇ ಭಾವಿಸುತ್ತೇವೆ’ ಎಂದು ಬರೆಯುವುದಕ್ಕೂ ಅವಕಾಶವಿದೆ. ತುಸು ದುಬಾರಿಯೆನಿಸಿದರೂ ಅನುಮಾನವಿರುವಲ್ಲಿ ಅದೇ ಒಳ್ಳೆಯ ದಾರಿ.

ಇಲ್ಲಿಂದ ಮುಂದೆ ನಗರದ ಕಟ್ಟಡ ನಿಯಮ ಬಂದು ಸೇರುತ್ತದೆ. ಗೊಂದಲ ಶುರುವಾಗುವುದೂ ಇಲ್ಲೇ. ನ್ಯೂಯಾರ್ಕ್ ನಗರವನ್ನೇ ತೆಗೆದುಕೊಳ್ಳಿ. 1987ರ ಏಪ್ರಿಲ್ 1ಕ್ಕೆ ಮುಂಚಿನ ಕಟ್ಟಡದಲ್ಲಿ ಗೋಡೆ ಒಡೆಯುವ, ಪೈಪು ಬದಲಿಸುವಂಥ ಕೆಲಸಕ್ಕೆ ಕಟ್ಟಡ ಇಲಾಖೆಯ ಪರ್ಮಿಟ್ ಬೇಕೆಂದರೆ ಮೊದಲು ಕಲ್ನಾರಿನ ಕಾಗದ ತೋರಿಸಬೇಕು. ನಗರದ ಪರಿಸರ ಇಲಾಖೆಯಿಂದ ಪ್ರಮಾಣಪತ್ರ ಪಡೆದ ತನಿಖೆಗಾರರು ಕೆಲಸದ ಜಾಗ ಪರೀಕ್ಷಿಸಿ ಎಸಿಪಿ-5 ನಮೂನೆ ಸಲ್ಲಿಸುತ್ತಾರೆ. ಆ ಜಾಗದಲ್ಲಿ ಕಲ್ನಾರು ಇಲ್ಲ, ಅಥವಾ ಇದ್ದರೂ ಕೆಲಸ ಅದನ್ನು ಮುಟ್ಟುವುದಿಲ್ಲ, ಅಥವಾ ಮುಟ್ಟುವುದು ತೀರಾ ಅಲ್ಪ ಎಂಬುದು ಅದರ ಅರ್ಥ. 25 ಅಡಿ ಉದ್ದಕ್ಕಿಂತ ಅಥವಾ 10 ಚದರಡಿಗಿಂತ ಹೆಚ್ಚು ಕಲ್ನಾರು ಕೆದಕುವುದಾದರೆ ಎಸಿಪಿ-5 ನಡೆಯದು. ಆಗ ಎಸಿಪಿ-7 ಸಲ್ಲಿಸಿ, ಒಂದು ವಾರವಾದರೂ ಕಾದು, ಪರವಾನಗಿ ಇರುವ ಗುತ್ತಿಗೆದಾರರಿಂದಲೇ ತೆಗೆಸಬೇಕು.

‘ನಮ್ಮಲ್ಲಿ ಅಹೆರಾ ಕಡತ ಇದೆಯಲ್ಲ, ಮತ್ತೆ ಸಮೀಕ್ಷೆ ಏಕೆ?’ ಎಂಬ ಪ್ರಶ್ನೆ ಪ್ರತಿ ರಿಪೇರಿಯಲ್ಲೂ ಬರುತ್ತದೆ. ಎರಡೂ ಒಂದೇ ಅಲ್ಲ. ಅಹೆರಾ ತಪಾಸಕರು ಕಣ್ಣಿಗೆ ಕಾಣುವ, ಕೈಗೆ ಎಟಕುವ ವಸ್ತುಗಳನ್ನು ನೋಡಿರುತ್ತಾರೆ. ಗೋಡೆಯೊಳಗೆ ಹೂತ ಪೈಪು ಆ ಕಡತದಲ್ಲಿ ಇರದಿರಬಹುದು, ಮಾಡಂತೂ ಇರುವುದೇ ಇಲ್ಲ. ಟೈಲಿನ ಕಥೆ ಇನ್ನೂ ಕುತೂಹಲದ್ದು. ಹಳೆಯ 9 ಇಂಚಿನ ಚೌಕ ವಿನೈಲ್ ಟೈಲಿನಲ್ಲಿ ಕಲ್ನಾರನ್ನು ಎಷ್ಟು ನುಣ್ಣಗೆ ಅರೆದಿರುತ್ತಾರೆಂದರೆ, ಅಹೆರಾ ಒಪ್ಪುವ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕಕ್ಕೆ ಆ ಎಳೆಗಳು ಕಾಣದೇ ಹೋಗಬಹುದು. ನ್ಯೂಯಾರ್ಕ್ ರಾಜ್ಯದ ಪದ್ಧತಿಯಲ್ಲಿ ಇಂಥ ಟೈಲು, ಅದರಡಿಯ ಕಪ್ಪು ಅಂಟು ‘ಇಲ್ಲ’ ಎಂದು ಬಂದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮತ್ತೆ ನೋಡಲೇಬೇಕು. 1988ರ ಕಡತದಲ್ಲಿ ‘ಇಲ್ಲ’ ಎಂದಿದ್ದ ಟೈಲು ಈಗ ‘ಇದೆ’ ಎಂದಾಗುವುದು ಹೀಗೆ.

ಕಡತವೇ ಕೈಕೊಟ್ಟರೆ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕ್ ನಗರ 1993ರಲ್ಲಿ ಕಂಡಿತು. ಶಾಲೆಗಳ ಮೊದಲ ಸುತ್ತಿನ ಅಹೆರಾ ತಪಾಸಣೆ ನಂಬಲರ್ಹವಲ್ಲ ಎಂದು ಆಗಸ್ಟ್‌ನಲ್ಲಿ ಮೇಯರ್ ಡೇವಿಡ್ ಡಿಂಕಿನ್ಸ್ ಪ್ರಕಟಿಸಿದರು. ಸಾವಿರಕ್ಕೂ ಹೆಚ್ಚು ಶಾಲೆ, ಸುಮಾರು 10 ಲಕ್ಷ ಮಕ್ಕಳು. ಸೆಪ್ಟೆಂಬರ್ 9ಕ್ಕೆ ತೆರೆಯಬೇಕಿದ್ದ ತರಗತಿಗಳು 20ಕ್ಕೆ ಹೋದವು. ಕೆಲವು ಕಟ್ಟಡಗಳ ಬಾಗಿಲು ಅಂದೂ ತೆರೆಯಲಿಲ್ಲ. ಇಷ್ಟಕ್ಕೂ ಆ ಬೇಸಿಗೆಯಲ್ಲಿ ಕಟ್ಟಡಗಳೇನೂ ಏಕಾಏಕಿ ಕೆಟ್ಟಿರಲಿಲ್ಲ. ಯಾವ ಕೋಣೆ ಸರಿಯಿದೆ ಎಂದು ಹೇಳಬಲ್ಲ ಕಾಗದ ಯಾರ ಬಳಿಯೂ ಇರಲಿಲ್ಲ.

ಕಡತ ಬರೆದಾದ ಮೇಲೆ ಎರಡು ಗಡುವುಗಳಿವೆ. ಮೂರು ವರ್ಷಕ್ಕೊಮ್ಮೆ ಪ್ರಮಾಣಿತ ತಪಾಸಕರಿಂದ ಮರುತಪಾಸಣೆ. ಆರು ತಿಂಗಳಿಗೊಮ್ಮೆ ಶಾಲೆಯವರೇ ಸುತ್ತುಹಾಕಿ ಸ್ಥಿತಿ ಬದಲಾಗಿದೆಯೇ ಎಂದು ಬರೆಯುವುದು. ಎರಡನೆಯದು ಹೆಚ್ಚಾಗಿ ಹಳೆಯ ಹಾಳೆಯ ಜೆರಾಕ್ಸ್ ಆಗಿಬಿಡುತ್ತದೆ. ಮೊದಲನೆಯದನ್ನು ತಪ್ಪಿಸಿದರೆ ಸರ್ಕಾರ ಹಗುರವಾಗಿ ನೋಡುವುದಿಲ್ಲ: ತಪಾಸಣೆ ಕಾಲಕ್ಕೆ ಮಾಡಲಿಲ್ಲವೆಂದು 2025ರ ಜೂನ್‌ನಲ್ಲಿ ಫಿಲಡೆಲ್ಫಿಯಾ ಶಾಲಾ ಜಿಲ್ಲೆಯ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಮೇಲೆ ಫೆಡರಲ್ ಸರ್ಕಾರ ಕ್ರಿಮಿನಲ್ ಆರೋಪ ಹೊರಿಸಿತು. ವಿಚಾರಣೆ ಮುಂದೂಡುವ ಒಪ್ಪಂದದಿಂದ ಜಿಲ್ಲೆ ನಿಗಾದಡಿ ಬಂತು.

ಸಿಬ್ಬಂದಿಯ ಮಟ್ಟದಲ್ಲಿ ನಿಯಮ ಸರಳ. ಗುಡಿಸುವ, ದುರಸ್ತಿ ಮಾಡುವ ಪ್ರತಿಯೊಬ್ಬರಿಗೂ ಸೇರಿದ 60 ದಿನದೊಳಗೆ 2 ಗಂಟೆಯ ತರಬೇತಿ. ಕಲ್ನಾರನ್ನು ಕೆದಕುವ ಕೆಲಸವಿದ್ದರೆ ಇನ್ನೂ 14 ಗಂಟೆ. ಟೈಲಿನ ಮೇಣ ತೆಗೆಯುವಾಗ ನೆಲ ಒದ್ದೆ ಇರಬೇಕು, ಯಂತ್ರ ನಿಧಾನ ತಿರುಗಬೇಕು. ಒಣ ನೆಲದ ಮೇಲೆ ವೇಗದ ಪ್ಯಾಡ್ ಬಿಟ್ಟರೆ ಗಟ್ಟಿ ಟೈಲೂ ಧೂಳು ಬಿಡುತ್ತದೆ.

ತೆಗೆಸಲೇಬೇಕಾಗಿ ಬಂದರೆ ಕೊನೆಯ ಘಟ್ಟ ಗಾಳಿ ಪರೀಕ್ಷೆ. ಮುಚ್ಚಿದ ಕೋಣೆಯಲ್ಲಿ ಎಲೆ ಗುಡಿಸುವ ಬ್ಲೋವರ್‌ನಿಂದ ಗೋಡೆ, ಸೀಲಿಂಗ್, ಮೂಲೆಗಳಿಗೆಲ್ಲ ಬೇಕೆಂದೇ ಗಾಳಿ ಊದುತ್ತಾರೆ; ಉಳಿದ ಎಳೆ ಇದ್ದರೆ ಏಳಲಿ ಎಂದು. ಆಮೇಲೆ ಒಳಗೆ 5 ಮಾದರಿ. ಫಿಲ್ಟರಿನ ಪ್ರತಿ ಚದರ ಮಿಲಿಮೀಟರಿಗೆ ಕಲ್ನಾರಿನ ಎಳೆಗಳು ಸರಾಸರಿ 70ರೊಳಗಿದ್ದರೆ ಕೋಣೆ ಪಾಸು. ಗಾಳಿ ಕದಡದ ಕೋಣೆಯಲ್ಲಿ ತೆಗೆದ ಮಾದರಿಗೆ ಇಲ್ಲಿ ಬೆಲೆಯಿಲ್ಲ.

ಅಮೆರಿಕದಲ್ಲಿ ಮಕ್ಕಳನ್ನು ಓದಿಸುತ್ತಿರುವ ಕನ್ನಡದ ತಂದೆತಾಯಿಯರೂ ಈ ಕಡತ ನೋಡಬಹುದು, ಕಾರಣ ಹೇಳಬೇಕಿಲ್ಲ. ಕೇಳಿದ 5 ಕೆಲಸದ ದಿನದೊಳಗೆ ತೋರಿಸಬೇಕು, ಪ್ರತಿ ಬೇಕಾದರೆ ನಕಲಿನ ಖರ್ಚು ಕೇಳಬಹುದು. ಕಡತ ದಪ್ಪ ಇರುತ್ತದೆ. ಮೊದಲು ಕೊನೆಯ ಮರುತಪಾಸಣೆಯ ತಾರೀಖು ನೋಡಿ. ಆಮೇಲೆ ಕಳೆದ ಬೇಸಿಗೆಯಲ್ಲಿ ಶಾಲೆಯಲ್ಲಿ ನಡೆದ ಕೆಲಸ ಅದರಲ್ಲಿ ದಾಖಲಾಗಿದೆಯೇ ಎಂದು ಹುಡುಕಿ.