ಕುವೈತ್ ಶೇಖ್‌ಗೆ ಬ್ರಿಟಿಷರು ಕೊಟ್ಟ ಮಾತಿಗೆ ಅಳತೆ ಎಷ್ಟು?

ಕರಾವಳಿಯಲ್ಲಿ ವಕೀಲಿ ಮಾಡುವವರಿಗೆ ಕುವೈತ್ ಹೊರದೇಶ ಅನಿಸುವುದೇ ಇಲ್ಲ. ನನ್ನ ಕಕ್ಷಿದಾರರಲ್ಲಿ ತುಂಬಾ ಜನರ ಮನೆಯಲ್ಲಿ ಒಬ್ಬರಾದರೂ ಅಲ್ಲಿ ದುಡಿದವರು ಇರುತ್ತಾರೆ. ಅಂಥವರಲ್ಲಿ ಒಬ್ಬರು, 1990ರಲ್ಲಿ ಅಂಗಡಿ, ಸಾಮಾನು ಎಲ್ಲ ಬಿಟ್ಟು ಅಮ್ಮಾನ್ ಮೂಲಕ ಊರಿಗೆ ಬಂದವರು, ಯಾವುದೋ ಬಾಡಿಗೆ ಕರಾರಿಗೆ ಸಹಿ ಹಾಕಲು ಬಂದಾಗ ಸುಮ್ನೆ ಕೇಳಿದರು. ‘ವಕೀಲರೇ, 61ರಲ್ಲಿ ಇರಾಕ್ ಬರೀ ಬಾಯಲ್ಲಿ ಹೆದರಿಸಿದ್ದಕ್ಕೆ ಬ್ರಿಟಿಷರು ವಾರದೊಳಗೆ ಸೈನ್ಯ ಇಳಿಸಿದರಂತೆ. 90ರಲ್ಲಿ ಇರಾಕ್ ಒಳಗೇ ನುಗ್ಗಿತು, ಆಗ ಬಿಡಿಸಿಕೊಳ್ಳಲು ಏಳು ತಿಂಗಳು ಹಿಡಿಯಿತು. ಹಳೇ ಕಾಗದ ಏನಾಯ್ತು?’

ಒಳ್ಳೆಯ ಪ್ರಶ್ನೆ. ನನ್ನ ಕೆಲಸವೇ ಕರಾರು ಬರೆಯುವುದು, ಬೇರೆಯವರು ಬರೆದದ್ದರಲ್ಲಿ ತೂತು ಹುಡುಕುವುದು. ಹಾಗಾಗಿ ಬ್ರಿಟಿಷರು ಕುವೈತ್ ಶೇಖ್‌ಗಳ ಜೊತೆ ಮಾಡಿಕೊಂಡ ಆ ಕಾಗದಗಳನ್ನು ಕರಾರು ಓದುವ ಹಾಗೇ ಓದಿ ನೋಡೋಣ.

ಮೊದಲ ಕಾಗದ 1899ರ ಜನವರಿ 23ರದ್ದು. ಒಂದು ಕಡೆ ಶೇಖ್ ಮುಬಾರಕ್ ಅಲ್ ಸಬಾ. ಮೂರು ವರ್ಷ ಹಿಂದೆ ಮಲಅಣ್ಣಂದಿರಿಬ್ಬರನ್ನು ಕೊಂದು ಗದ್ದುಗೆ ಏರಿದ ಆಸಾಮಿ. ಇನ್ನೊಂದು ಕಡೆ ಲೆಫ್ಟಿನೆಂಟ್ ಕರ್ನಲ್ ಮೀಡ್, ಇರಾನಿನ ಬುಶೈರ್‌ನಲ್ಲಿ ಕೂತು ಇಡೀ ಕೊಲ್ಲಿ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ರೆಸಿಡೆಂಟ್. ಶೇಖ್‌ಗೆ ಸಿಕ್ಕಿದ್ದು 15,000 ರೂಪಾಯಿ. ಹೌದು, ರೂಪಾಯಿಯೇ. ಕೊಲ್ಲಿಯ ಕಾರುಬಾರು ನಡೆಯುತ್ತಿದ್ದದ್ದು ಲಂಡನ್ನಿನಿಂದ ನೇರವಾಗಿ ಅಲ್ಲ, ನಮ್ಮ ವೈಸರಾಯ್ ಸರ್ಕಾರದ ಕೈಯಿಂದ. ರೆಸಿಡೆಂಟ್ ಆ ಸರ್ಕಾರದ ಅಧಿಕಾರಿ. ಹಣ ಹೊರಟದ್ದು ಬುಶೈರ್ ಖಜಾನೆಯಿಂದ.

ಇಲ್ಲೊಂದು ಮಾತು ನೆನಪಾಗುತ್ತದೆ. ಟಿಪ್ಪು ಬಿದ್ದ ಮೇಲೆ 1799ರಲ್ಲಿ ಮೈಸೂರಿನ ಜೊತೆ ಈಸ್ಟ್ ಇಂಡಿಯಾ ಕಂಪನಿಯವರು ಮಾಡಿಕೊಂಡ ಒಪ್ಪಂದದಲ್ಲಿ, ರಕ್ಷಣೆಗೆಂದು ಮೈಸೂರೇ ವರ್ಷಕ್ಕೆ 7 ಲಕ್ಷ ಪಗೋಡ ಕೊಡಬೇಕಿತ್ತು. ನೂರು ವರ್ಷ ಆದ ಮೇಲೆ ಕುವೈತ್‌ನಲ್ಲಿ ಹಣ ಉಲ್ಟಾ ಹರಿಯಿತು. ಯಾಕೆಂದರೆ ಇಲ್ಲಿ ಅವಸರ ಇದ್ದದ್ದು ಬ್ರಿಟಿಷರಿಗೂ. ರಷ್ಯಾದವರೋ ಜರ್ಮನಿಯವರೋ ರೈಲು ಹಳಿ ಹಾಕಿಕೊಂಡು ಬಂದು ಕುವೈತ್‌ನಲ್ಲಿ ಬಂದರು ಮಾಡಿಬಿಟ್ಟರೆ, ಬೊಂಬಾಯಿಗೆ ಹೋಗುವ ಸಮುದ್ರದ ಬಾಯಲ್ಲಿ ಇನ್ನೊಬ್ಬ ದೊಡ್ಡವನು ಬಂದು ಕೂತ ಹಾಗೆ ಆಗುತ್ತಿತ್ತು.

ಈಗ ಕಲಮುಗಳನ್ನು ನೋಡಿ. ಶೇಖ್ ಕೊಟ್ಟ ಮಾತು ಕಬ್ಬಿಣದಂಥದ್ದು. ತಾನು, ತನ್ನ ವಾರಸುದಾರರು, ಅವರ ನಂತರದವರು, ಬ್ರಿಟಿಷ್ ಸರ್ಕಾರದ ಮುಂಚಿತ ಒಪ್ಪಿಗೆ ಇಲ್ಲದೆ ತಮ್ಮ ನೆಲದ ಯಾವ ಭಾಗವನ್ನೂ ಇನ್ನೊಂದು ದೇಶಕ್ಕಾಗಲಿ ಅದರ ಪ್ರಜೆಗಾಗಲಿ ಬಿಟ್ಟುಕೊಡುವಂತಿಲ್ಲ, ಮಾರುವಂತಿಲ್ಲ, ಗೇಣಿಗೆ ಕೊಡುವಂತಿಲ್ಲ, ಅಡವಿಡುವಂತಿಲ್ಲ. ಬೇರೆ ದೇಶದ ಪ್ರತಿನಿಧಿಯನ್ನು ಊರೊಳಗೆ ಸೇರಿಸುವಂತಿಲ್ಲ. ಒಂದು ಸೂಜಿ ತೂರಿಸಲೂ ಜಾಗ ಇಲ್ಲ.

ಬ್ರಿಟಿಷರ ಕಡೆಯ ಮಾತು? ಅದು ಕರಾರಿನ ಒಳಗೇ ಇಲ್ಲ. ಬೇರೆ ಒಂದು ಪತ್ರದಲ್ಲಿದೆ. ನೀನೂ ನಿನ್ನ ವಾರಸುದಾರರೂ ಕರಾರನ್ನು ನಿಯತ್ತಾಗಿ ಪಾಲಿಸುವವರೆಗೆ ನಿಮಗೆ ಬ್ರಿಟಿಷ್ ಸರ್ಕಾರದ ‘ಗುಡ್ ಆಫೀಸಸ್’ ಇರುತ್ತದೆ, ಅಷ್ಟೇ. ರಾಜತಂತ್ರದ ಭಾಷೆಯಲ್ಲಿ ಇದರ ಅರ್ಥ, ನಿನ್ನ ಪರವಾಗಿ ನಾಲ್ಕು ಒಳ್ಳೆ ಮಾತಾಡುತ್ತೇವೆ ಅಂತ. ಹಡಗು ಕಳಿಸುತ್ತೇವೆ ಅಂತ ಇಲ್ಲ, ಸೈನ್ಯದ ಸುದ್ದಿ ಇಲ್ಲ. ಮೇಲಾಗಿ ಇಡೀ ವ್ಯವಹಾರ ಗುಟ್ಟು. ನಮ್ಮ ಬಾಡಿಗೆ ಕರಾರುಗಳಲ್ಲೂ ‘ಮಾಲೀಕರು ಸೂಕ್ತ ಸಹಕಾರ ನೀಡತಕ್ಕದ್ದು’ ಅಂತ ಒಂದು ಸಾಲು ಇರುತ್ತದಲ್ಲ, ಅದೇ ಜಾತಿ. ಸೂಕ್ತ ಅಂದರೆ ಎಷ್ಟು? ನೀರಿನ ಪಂಪ್ ಕೆಟ್ಟರೆ ದುಡ್ಡು ಕೊಡುತ್ತಾರಾ, ಬರೀ ಮೆಕ್ಯಾನಿಕ್ ನಂಬರ್ ಕೊಡುತ್ತಾರಾ?

ಮುಬಾರಕ್ ದಡ್ಡ ಅಲ್ಲ. ಅವನ ಮನೆತನದ ಆದಾಯಕ್ಕೆ ದೊಡ್ಡ ಆಸರೆ ಇದ್ದದ್ದು ಕುವೈತ್‌ನ ಮರಳಲ್ಲಿ ಅಲ್ಲ, ಈಗಿನ ಇರಾಕಿನ ಫಾವ್ ಕಡೆಯ ಖರ್ಜೂರದ ತೋಟಗಳಲ್ಲಿ. ಆಗ ಅದು ತುರ್ಕಿ ಸುಲ್ತಾನನ ನೆಲ. ಬ್ರಿಟಿಷರ ಪಕ್ಷ ಸೇರಿದ್ದಕ್ಕೆ ತೋಟ ಕಿತ್ತುಕೊಂಡರೆ ಏನು ಗತಿ ಎನ್ನುವುದು ಮನೆಯವರ ಚಿಂತೆ. ಈ ತೋಟಗಳನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತವೆ.

ಇನ್ನೊಂದು ತೊಡಕೂ ಇತ್ತು. 1897ರಲ್ಲಿ ತುರ್ಕರು ಮುಬಾರಕ್‌ಗೆ ‘ಕೈಮಕಾಮ್’ ಪದವಿ ಕೊಟ್ಟಿದ್ದರು. ಅಂದರೆ ಕಾಗದದ ಮೇಲೆ ಅವನು ತುರ್ಕರ ಬಸ್ರಾ ಪ್ರಾಂತ್ಯದ ಕೈಕೆಳಗಿನ ಅಧಿಕಾರಿ. ಗುಮಾಸ್ತ ಯಜಮಾನನಿಗೆ ಗೊತ್ತಿಲ್ಲದೆ ಹೊಲದ ಬಗ್ಗೆ ಪಕ್ಕದ ಮನೆಯವನ ಜೊತೆ ಕರಾರು ಮಾಡಿಕೊಂಡರೆ ನಿಲ್ಲುತ್ತದಾ? ಬ್ರಿಟಿಷರ ಉತ್ತರ, ಅವನು ಗುಮಾಸ್ತನೇ ಅಲ್ಲ ಎಂದು. ತುರ್ಕರ ತೆರಿಗೆ ಇಲ್ಲ, ಸೈನ್ಯ ಇಲ್ಲ, ಬರೀ ಬಿರುದು. ಈ ಜಗಳ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಇರಾಕ್ ಹಿಡಿದುಕೊಂಡದ್ದೂ ಇದೇ ಎಳೆಯನ್ನೇ.

ಮಾತಿನ ತೂಕ ಮೊದಲ ಸಲ ಗೊತ್ತಾಗಿದ್ದು 1901ರ ಆಗಸ್ಟ್‌ನಲ್ಲಿ. ತುರ್ಕರ ‘ಝುಹಾಫ್’ ಎಂಬ ಹಡಗು ಕುವೈತ್‌ಗೆ ಬಂತು. ಅಲ್ಲಿ ಆಗಲೇ ನಿಂತಿತ್ತು ಬ್ರಿಟಿಷ್ ಯುದ್ಧನೌಕೆ ‘ಪರ್ಸಿಯಸ್’. ಸೈನಿಕರನ್ನು ಇಳಿಸಿದರೆ ಬಲ ಉಪಯೋಗಿಸಿ ತಡೆಯುತ್ತೇವೆ ಎಂದು ಅದರ ಕಮಾಂಡರ್ ಹೇಳಿದ. ಝುಹಾಫ್ ವಾಪಸ್ ಹೋಯಿತು. ‘ನಾಲ್ಕು ಒಳ್ಳೆ ಮಾತು’ ಹೋಗಿ ತೋಪು ಆಯಿತು. ಕಾಗದದಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ.

ಕರಾರಿನ ವ್ಯವಹಾರದಲ್ಲಿ ಇದನ್ನು ನಾನು ದಿನಾ ನೋಡುತ್ತೇನೆ. ಬರೆದದ್ದಕ್ಕಿಂತ ಜಾಸ್ತಿ ಒಂದು ಸಲ ಮಾಡಿ ತೋರಿಸಿದರೆ, ಮುಂದಿನ ಸಲ ಎದುರಿನವನು ಅದನ್ನೇ ನಿರೀಕ್ಷಿಸುತ್ತಾನೆ. ಅಳತೆ ಬರೆದಿದ್ದರೆ ‘ಇಷ್ಟೇ ನಮ್ಮ ಜವಾಬ್ದಾರಿ’ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಬರೆಯದೆ ಬಿಟ್ಟದ್ದು ಬುದ್ಧಿವಂತಿಕೆ ಅಂದುಕೊಂಡರು, ಅದೇ ಕುಣಿಕೆ ಆಯಿತು.

ಅಳತೆ ಬರೆಯಲು ಅವರಿಗೆ ಬರುತ್ತಿರಲಿಲ್ಲವೇ? ಚೆನ್ನಾಗಿ ಬರುತ್ತಿತ್ತು. 1916ರ ಕತಾರ್ ಒಪ್ಪಂದ ನೋಡಿದರೆ ನನ್ನಂಥವನಿಗೆ ಖುಷಿ ಆಗುತ್ತದೆ. ಸಮುದ್ರದ ಕಡೆಯಿಂದ ದಾಳಿಯಾದರೆ ರಕ್ಷಣೆ. ನೆಲದ ಕಡೆಯಿಂದ ಆದರೆ ಬರೀ ಗುಡ್ ಆಫೀಸಸ್. ಅದೂ ಕತಾರ್‌ನವರು ಮೊದಲು ಕೈಮಾಡಿರಬಾರದು. ಸಮುದ್ರ ಬ್ರಿಟಿಷರ ಅಂಗಳ, ಅಲ್ಲಿ ಮಾತು ಕೊಡುವುದಕ್ಕೆ ಖರ್ಚಿಲ್ಲ. ಮರಳುಗಾಡಿನಲ್ಲಿ ಯಾರು ಒಂಟೆ ಹತ್ತಿ ಓಡುತ್ತಾರೆ?

ಕುವೈತ್‌ಗೆ ಎರಡನೇ ಕಾಗದ ಬಂದದ್ದು 1914ರ ನವೆಂಬರ್ 3ಕ್ಕೆ, ತುರ್ಕರ ಜೊತೆ ಯುದ್ಧ ಶುರುವಾಗುವ ಹೊತ್ತಿಗೆ. ತುರ್ಕರ ಕೈಲಿದ್ದ ಉಮ್ಮ್ ಕಸ್ರ್, ಸಫ್ವಾನ್, ಬುಬಿಯಾನ್ ಮೇಲೆ ದಾಳಿ ಮಾಡು, ಬಸ್ರಾ ಹಿಡಿಯಲು ಸಹಾಯ ಮಾಡು ಎಂದು ಶೇಖ್‌ನನ್ನು ಕೇಳಿದರು. ಬದಲಿಗೆ ಕೊಟ್ಟ ಭರವಸೆಗಳಲ್ಲಿ ನಮಗೆ ಬೇಕಾದವು ಎರಡು. ಒಂದು, ಕುವೈತ್ ಬ್ರಿಟಿಷ್ ರಕ್ಷಣೆಯಲ್ಲಿರುವ ಸ್ವತಂತ್ರ ಸರ್ಕಾರ. ಎರಡು, ಫಾವ್‌ನಿಂದ ಕುರ್ನಾವರೆಗಿನ ಖರ್ಜೂರದ ತೋಟಗಳು ಶೇಖ್‌ಗೂ ಅವನ ವಾರಸುದಾರರಿಗೂ ಪೂರ್ತಿ ಸೇರಿದವು, ಕಂದಾಯವೂ ಇಲ್ಲ, ತೆರಿಗೆಯೂ ಇಲ್ಲ. ಅದೇ ತಿಂಗಳು ಬಸ್ರಾ ಬಿತ್ತು. ಹಿಡಿದದ್ದು ಭಾರತದ ಸೈನ್ಯ, ಆರನೇ ಪೂನಾ ಡಿವಿಷನ್.

ಈ ಎರಡನೇ ಭರವಸೆ ಹೇಗಿದೆ ನೋಡಿ. ಜಾಗ ಗೊತ್ತು, ಹಕ್ಕು ಗೊತ್ತು, ತೆರಿಗೆ ಎಷ್ಟು ಅಂದರೆ ಸೊನ್ನೆ. ನಾನೇ ಬರೆದಿದ್ದರೂ ಇಷ್ಟು ಚೊಕ್ಕ ಬರೆಯುತ್ತಿದ್ದೆನೋ ಇಲ್ಲವೋ. ಆದರೆ 1932ರಲ್ಲಿ ಇರಾಕ್ ಸ್ವತಂತ್ರ ಆಯಿತು. ತೋಟಗಳು ಇದ್ದದ್ದು ಇರಾಕಿನಲ್ಲಿ. ಇರಾಕ್ ಆ ಪತ್ರಕ್ಕೆ ಸಹಿ ಹಾಕಿದ ಪಕ್ಷವೇ ಅಲ್ಲ. ತೆರಿಗೆ ಬಂತು, ಒಡೆತನದ ಮೇಲೆ ದಾವೆಗಳು ಬಂದವು, ಶೇಖ್ ಬ್ರಿಟಿಷರ ಕಡೆ ನೋಡಿದ, ಬ್ರಿಟಿಷರು ಬಾಗ್ದಾದ್ ಕಡೆ ನೋಡಿದರು. ವರ್ಷಗಟ್ಟಲೆ ಪತ್ರ ವ್ಯವಹಾರ ನಡೆಯಿತು. ಇನ್ನೊಬ್ಬರ ಜೇಬಿನಲ್ಲಿರುವುದನ್ನು ಕೊಡುತ್ತೇನೆ ಅಂತ ಎಷ್ಟು ಚೊಕ್ಕವಾಗಿ ಬರೆದರೂ ಕೋರ್ಟಿನಲ್ಲಿ ಅದರ ಗತಿ ಇಷ್ಟೇ.

‘ರಕ್ಷಣೆ’ ಪದದ ಇನ್ನೊಂದು ಮುಖ ಕಂಡಿದ್ದು 1920, 1922ರಲ್ಲಿ. 1920ರ ಅಕ್ಟೋಬರ್‌ನಲ್ಲಿ ಮುಂದೆ ಸೌದಿ ಅರೇಬಿಯಾ ಕಟ್ಟಿದ ಇಬ್ನ್ ಸೌದ್ ಕಡೆಯ ಇಖ್ವಾನ್ ಎಂಬ ಪಡೆ ಕುವೈತ್‌ನ ಜಹ್ರಾದ ಕೆಂಪು ಕೋಟೆಗೆ ಮುತ್ತಿಗೆ ಹಾಕಿತು. ಶೇಖ್ ಸಾಲಿಂ ಕೋಟೆಯೊಳಗೇ ಸಿಕ್ಕಿಬಿದ್ದಿದ್ದ. ಅಲ್ಲಿ ಹೊಡೆದಾಡಿದ್ದು ಕುವೈತ್‌ನವರೇ. ಬ್ರಿಟಿಷರ ಹಡಗು, ಎಚ್ಚರಿಕೆಯ ಚೀಟಿ ಉದುರಿಸುವ ವಿಮಾನ ಬಂದದ್ದು ಆಮೇಲೆ. ಎರಡು ವರ್ಷ ಬಿಟ್ಟು ಉಕೈರ್‌ನಲ್ಲಿ ಗಡಿ ಮಾತುಕತೆ. ಇರಾಕಿನ ಬ್ರಿಟಿಷ್ ಹೈಕಮಿಷನರ್ ಸರ್ ಪರ್ಸಿ ಕಾಕ್ಸ್ ನಕ್ಷೆಯ ಮೇಲೆ ಗೆರೆ ಎಳೆದ. ಇರಾಕ್‌ಗೆ ಜಾಗ ಸಿಕ್ಕಿತು, ಅದರ ನಷ್ಟ ತುಂಬಲು ಇಬ್ನ್ ಸೌದ್‌ಗೆ ಕುವೈತ್‌ನ ಜಾಗ ಸಿಕ್ಕಿತು. 1913ರಲ್ಲಿ ತುರ್ಕರ ಜೊತೆ ಕೂತು ಇದೇ ಬ್ರಿಟಿಷರು ಕುವೈತ್‌ನದ್ದು ಅಂತ ಒಪ್ಪಿದ್ದ ನೆಲದಲ್ಲಿ ಹತ್ತಿರ ಹತ್ತಿರ ಮೂರನೇ ಎರಡು ಭಾಗ ಕೈಬಿಟ್ಟಿತು. ಕುವೈತ್ ಪರವಾಗಿ ಆ ಸಭೆಯಲ್ಲಿ ಕೂತಿದ್ದವನೂ ಬ್ರಿಟಿಷ್ ಅಧಿಕಾರಿಯೇ, ಮೇಜರ್ ಮೋರ್. ಎರಡೂ ಪಕ್ಷಕ್ಕೆ ಒಬ್ಬನೇ ವಕೀಲ ನಿಂತರೆ ನಮ್ಮ ಸನ್ನದು ಹೋಗುತ್ತದೆ. 1899ರ ಕಲಮು ಏನಿತ್ತು? ಒಪ್ಪಿಗೆ ಇಲ್ಲದೆ ಶೇಖ್ ನೆಲ ಬಿಟ್ಟುಕೊಡಬಾರದು ಅಂತ. ಬ್ರಿಟಿಷರು ಬಿಟ್ಟುಕೊಡಬಾರದು ಅಂತ ಯಾರೂ ಬರೆಸಿರಲಿಲ್ಲ.

ಆಮೇಲೆ ತೈಲ ಬಂತು, ಲೆಕ್ಕ ಬದಲಾಯಿತು. 1934ರಲ್ಲಿ ಗುತ್ತಿಗೆ, 1938ರಲ್ಲಿ ಬುರ್ಗಾನ್‌ನಲ್ಲಿ ತೈಲ, 1946ರಿಂದ ರಫ್ತು. ಕುವೈತ್ ಆಯಿಲ್ ಕಂಪನಿಯಲ್ಲಿ ಅರ್ಧ ಪಾಲು ಬ್ರಿಟಿಷ್ ಕಂಪನಿಯದ್ದು. ಶೇಖ್‌ಗೆ ಬಂದ ಹಣದಲ್ಲೂ ದೊಡ್ಡ ಪಾಲು ಲಂಡನ್ನಿನಲ್ಲೇ ಕೂತಿತ್ತು.

ಈಗ ನನ್ನ ಕಕ್ಷಿದಾರರು ಕೇಳಿದ 61ಕ್ಕೆ ಬರೋಣ.

1961ರ ಜೂನ್ 19ರಂದು ಶೇಖ್ ಅಬ್ದುಲ್ಲಾ ಅಲ್ ಸಾಲಿಂ ಮತ್ತು ರೆಸಿಡೆಂಟ್ ಸರ್ ವಿಲಿಯಂ ಲೂಸ್ ಪತ್ರ ಬದಲಿಸಿಕೊಂಡರು. ಇದೇ ಕುವೈತ್‌ನ ಸ್ವಾತಂತ್ರ್ಯ ಪತ್ರ. ಮಜಾ ಏನೆಂದರೆ, ಅಲ್ಲಿಯವರೆಗೆ ನಡೆಯುತ್ತಿದ್ದ, ನಮ್ಮ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಹೊರಡಿಸಿದ್ದ ರೂಪಾಯಿ ಹೋಗಿ ದಿನಾರ್ ಬಂದು ಎರಡು ತಿಂಗಳು ಕಳೆದಿತ್ತಷ್ಟೇ. ಪತ್ರ ತುಂಬಾ ಚಿಕ್ಕದು, ನಾಲ್ಕೇ ಅಂಶ. 1899ರ ಕರಾರು ರದ್ದು. ಗಾಢ ಸ್ನೇಹ ಮುಂದುವರಿಯುತ್ತದೆ. ಇಬ್ಬರಿಗೂ ಸಂಬಂಧಿಸಿದ ವಿಷಯದಲ್ಲಿ ಸಮಾಲೋಚನೆ. ನಾಲ್ಕನೆಯದೇ ಅಸಲು: ಕುವೈತ್ ಸರ್ಕಾರ ಕೇಳಿಕೊಂಡರೆ ಸಹಾಯ ಮಾಡಲು ಬ್ರಿಟಿಷ್ ಸರ್ಕಾರಕ್ಕಿರುವ ಸಿದ್ಧತೆಗೆ ಮೇಲಿನ ಯಾವುದೂ ಅಡ್ಡಿಯಲ್ಲ.

ಆ ವಾಕ್ಯವನ್ನು ಇನ್ನೊಂದು ಸಲ ಓದಿ. ‘ಸಹಾಯ ಮಾಡುತ್ತೇವೆ’ ಅಂತ ಎಲ್ಲೂ ಇಲ್ಲ. ಸಹಾಯ ಮಾಡುವ ಮನಸ್ಸು ಮೊದಲೇ ಇದೆ, ಅದು ಹಾಗೇ ಇರುತ್ತದೆ ಅಂತ ಮಾತ್ರ ಇದೆ. 1899ರಲ್ಲಿ ಬರೆಯದೆ ಬಿಟ್ಟು, ಅರವತ್ತು ವರ್ಷ ನಡೆದುಕೊಂಡು ಬಂದದ್ದನ್ನು ಈಗಲೂ ಪೂರ್ತಿ ಬರೆಯದೆ, ಅಡ್ಡಡ್ಡವಾಗಿ ಒಪ್ಪಿಕೊಂಡರು. ‘ಕೇಳಿಕೊಂಡರೆ’ ಎನ್ನುವ ಪದ ಮಾತ್ರ ಹೊಸದು, ಅದೇ ಗಟ್ಟಿ ಪದ. ಕೇಳದೆ ಬಂದರೆ ಅದು ಆಕ್ರಮಣ, ಕೇಳಿದ ಮೇಲೆ ಬಂದರೆ ಸಹಾಯ.

ಆರು ದಿನ ಕಳೆಯಿತು. ಜೂನ್ 25ಕ್ಕೆ ಬಾಗ್ದಾದ್‌ನಲ್ಲಿ ಇರಾಕಿನ ಪ್ರಧಾನಿ ಅಬ್ದುಲ್ ಕರೀಂ ಕಾಸಿಂ ಪತ್ರಿಕಾಗೋಷ್ಠಿ ಕರೆದು, ಕುವೈತ್ ಬಸ್ರಾ ಪ್ರಾಂತ್ಯದ ಭಾಗ, ಶೇಖ್‌ನನ್ನು ಕೈಮಕಾಮ್ ಮಾಡುತ್ತೇನೆ ಎಂದ. 1897ರ ಅದೇ ಬಿರುದು! ಜೂನ್ 30ಕ್ಕೆ ಶೇಖ್‌ನಿಂದ ಅಧಿಕೃತ ಕೋರಿಕೆ ಹೋಯಿತು. ಹಾಗೆ ಕೇಳಿ ಎಂದು ಹಿಂದಿನಿಂದ ತಳ್ಳಿದ್ದು ಬ್ರಿಟಿಷರೇ ಎನ್ನುವ ವಾದವೂ ಇದೆ, ಇರಾಕಿಗೆ ನಿಜಕ್ಕೂ ದಾಳಿಯ ಉದ್ದೇಶ ಇತ್ತೇ ಎನ್ನುವುದರ ಮೇಲೂ ಇತಿಹಾಸಕಾರರಲ್ಲಿ ಒಮ್ಮತ ಇಲ್ಲ. ನನಗೆ ಅನಿಸುವುದು, ಕೋರಿಕೆ ಪತ್ರ ಕೈಗೆ ಬರುವವರೆಗೆ ಲಂಡನ್ ಕಾದು ಕೂತಿತ್ತಲ್ಲ, ಆ ಒಂದು ಪದದ ಬೆಲೆ ಅಲ್ಲೇ ಗೊತ್ತಾಗುತ್ತದೆ.

ಜುಲೈ 1. ‘ಬುಲ್ವರ್ಕ್’ ಹಡಗಿನಿಂದ 42ನೇ ಕಮಾಂಡೊ ಪಡೆ ಹೆಲಿಕಾಪ್ಟರ್‌ಗಳಲ್ಲಿ ಹೊಸ ವಿಮಾನ ನಿಲ್ದಾಣಕ್ಕೆ ಇಳಿಯಿತು. ಮರಳುಗಾಳಿ, ಮುಂದೆ ಏನೂ ಕಾಣದು. ಒಂದಷ್ಟು ಟ್ಯಾಂಕ್‌ಗಳನ್ನು ಮೊದಲೇ ಕುವೈತ್‌ನಲ್ಲಿ ತಂದಿಟ್ಟಿದ್ದರು, ಸಿಬ್ಬಂದಿ ಬಂದು ಹತ್ತಿದರೆ ಆಯಿತು. ಇದು ಮುಖ್ಯ. ಪತ್ರದಲ್ಲಿ ‘ಸಿದ್ಧತೆ’ ಅಂತ ಬರೆದವರು ಗೋದಾಮಿನಲ್ಲೂ ಸಿದ್ಧತೆ ಇಟ್ಟಿದ್ದರು. ವಾರದೊಳಗೆ ಐದು ಸಾವಿರಕ್ಕೂ ಜಾಸ್ತಿ ಸೈನಿಕರು ಬಂದು, ಉತ್ತರದ ಮುತ್ಲಾ ದಿಬ್ಬದ ಮೇಲೆ ಜುಲೈ ಬಿಸಿಲಲ್ಲಿ ಕೂತರು. ಇರಾಕಿನವರು ಬರಲಿಲ್ಲ. ಗುಂಡು ಹಾರಲಿಲ್ಲ. ಬಿಸಿಲಿಗೆ ಬಿದ್ದವರೇ ಗಾಯಾಳುಗಳು.

ಅದೇ ಜುಲೈನಲ್ಲಿ ಅರಬ್ ಲೀಗ್ ಕುವೈತ್‌ನ್ನು ಸೇರಿಸಿಕೊಂಡಿತು. ಸೆಪ್ಟೆಂಬರ್‌ನಲ್ಲಿ ಲೀಗ್‌ನ ಪಡೆ ಬಂತು, ಅಕ್ಟೋಬರ್‌ನಲ್ಲಿ ಬ್ರಿಟಿಷರು ಹೊರಟರು. ಕಾಸಿಂ ಸತ್ತ ಮೇಲೆ 1963ರಲ್ಲಿ ಇರಾಕ್ ಕುವೈತ್‌ನ ಸ್ವಾತಂತ್ರ್ಯ ಒಪ್ಪಿಕೊಂಡಿತು.

1961ರ ಆ ಪತ್ರದಲ್ಲಿ ಇನ್ನೊಂದು ಸಾಲಿತ್ತು, ಎಲ್ಲರೂ ದಾಟಿಕೊಂಡು ಹೋಗುವ ಸಾಲು. ಯಾರು ಬೇಕಾದರೂ ಕನಿಷ್ಠ ಮೂರು ವರ್ಷದ ನೋಟೀಸ್ ಕೊಟ್ಟು ಮುಗಿಸಬಹುದು. 1968ರ ಜನವರಿಯಲ್ಲಿ ಬ್ರಿಟಿಷ್ ಪ್ರಧಾನಿ ವಿಲ್ಸನ್, ಕೊಲ್ಲಿಯಿಂದ ನಮ್ಮ ಸೈನ್ಯ 1971ರ ಕೊನೆಯೊಳಗೆ ಹೊರಡುತ್ತದೆ ಎಂದರು. ಖರ್ಚು ಹೆಚ್ಚಾಗಿತ್ತು, ಪೌಂಡ್ ಬಿದ್ದಿತ್ತು. ಅದೇ ವರ್ಷ ಮೇನಲ್ಲಿ ನೋಟೀಸ್ ಆಯಿತು, 1971ರ ಮೇನಲ್ಲಿ ಅವಧಿ ಮುಗಿಯಿತು. ನಮ್ಮ ಕಕ್ಷಿದಾರರಿಗೆ ನಾನು ಹೇಳಿದ್ದು ಇದನ್ನೇ. ನೀವು ಕೇಳಿದ ಹಳೇ ಕಾಗದ 90ರ ಹೊತ್ತಿಗೆ ಇರಲೇ ಇಲ್ಲ. ಪಕ್ಕದಲ್ಲಿ ಹಡಗು, ಗೋದಾಮಿನಲ್ಲಿ ಟ್ಯಾಂಕ್ ಎರಡೂ ಇರಲಿಲ್ಲ. ಆಗಸ್ಟ್ 2ಕ್ಕೆ ಇರಾಕ್ ನುಗ್ಗಿದಾಗ ಎಲ್ಲವನ್ನೂ ವಿಶ್ವಸಂಸ್ಥೆಯ ಮೂಲಕ, ಹತ್ತಾರು ದೇಶಗಳನ್ನು ಕೂಡಿಸಿ ಹೊಸದಾಗಿ ಶುರು ಮಾಡಬೇಕಾಯಿತು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಬ್ಯಾಗಿನಿಂದ ಒಂದು ಹಳೇ ಪ್ಲಾಸ್ಟಿಕ್ ಕವರ್ ತೆಗೆದರು. ಒಳಗೆ ವಿಶ್ವಸಂಸ್ಥೆಯ ಪರಿಹಾರ ಆಯೋಗಕ್ಕೆ ಹಾಕಿದ್ದ ಅರ್ಜಿಯ ನಕಲು, ಎ ವರ್ಗ. ಕುವೈತ್ ಬಿಟ್ಟು ಬರಬೇಕಾದ ಒಬ್ಬ ವ್ಯಕ್ತಿಗೆ 2,500 ಡಾಲರ್. ಬೇರೆ ವರ್ಗದಲ್ಲಿ ಅರ್ಜಿ ಹಾಕುವುದಿಲ್ಲ ಎಂದು ಒಪ್ಪಿಕೊಂಡರೆ 4,000. ಹಣ ಬಂದದ್ದು ಇರಾಕಿನ ತೈಲದ ಆದಾಯದಿಂದ. ‘ನಾನು 4,000ದ್ದಕ್ಕೆ ಟಿಕ್ ಹಾಕಿದ್ದೆ’ ಅಂದರು. ‘ಅಂಗಡಿ ಅದರ ನಾಲ್ಕರಷ್ಟು ಬಾಳುತ್ತಿತ್ತು. ಆದರೆ ಎಷ್ಟು ಅಂತ ಬರೆದಿತ್ತಲ್ವಾ!’