ಇಂಟರ್‌ನೆಟ್ ನಿಲ್ಲಿಸುವ ಆದೇಶಕ್ಕೆ ಸಹಿ ಯಾರದ್ದು?

ಮೊಬೈಲ್ ನೆಟ್‌ವರ್ಕ್ ಕಟ್ಟುವ ನಮ್ಮಂಥವರಿಗೆ ಪತ್ರಿಕಾ ಸ್ವಾತಂತ್ರ್ಯ ಅನ್ನುವುದು ಬೇರೆ ಯಾರದ್ದೋ ಕೆಲಸ ಅನ್ನಿಸುತ್ತದೆ. ಟವರ್, ಫೈಬರ್, ಸಿಗ್ನಲ್ ನಮ್ಮದು. ಸುದ್ದಿ ಸಂಪಾದಕರದ್ದು. ಇದು ಸರಿಯಲ್ಲ ಅನ್ನುವುದನ್ನು ಹೊಸ ಎಂಜಿನಿಯರುಗಳಿಗೆ ಹೇಳಬೇಕಾದಾಗ ನಾನು ಜಿಂಬಾಬ್ವೆಯ ಉದಾಹರಣೆ ಕೊಡುತ್ತೇನೆ.

1990ರ ದಶಕದ ಆರಂಭದಲ್ಲಿ ಅಲ್ಲಿ ಟೆಲಿಫೋನ್ ಪೂರ್ತಿಯಾಗಿ ಸರ್ಕಾರಿ ನಿಗಮದ ಕೈಯಲ್ಲಿತ್ತು. ಅದರ ಹೆಸರು ಪಿಟಿಸಿ, ಅಂದರೆ ಅಂಚೆ ಮತ್ತು ದೂರಸಂಪರ್ಕ ನಿಗಮ. ಒಂದು ಕನೆಕ್ಷನ್‌ಗೆ ಜನ ವರ್ಷಗಟ್ಟಲೆ ಕಾಯುತ್ತಿದ್ದರು. ಅಲ್ಲೇ ಹಿಂದೆ ಕೆಲಸ ಮಾಡಿದ್ದ ಎಂಜಿನಿಯರ್ ಸ್ಟ್ರೈವ್ ಮಸಿಯಿವಾ ಮೊಬೈಲ್ ಸೇವೆ ಕೊಡಲು ಮುಂದೆ ಬಂದರು. ನಿಗಮ ಒಪ್ಪಲಿಲ್ಲ. ಅವರು ಕೋರ್ಟಿಗೆ ಹೋದರು.

ಅಲ್ಲಿ ಅವರ ಕಡೆಯವರು ಹಿಡಿದ ವಾದ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ವ್ಯಾಪಾರದ ಹಕ್ಕನ್ನು ಅವರು ನೆಚ್ಚಿಕೊಳ್ಳಲಿಲ್ಲ. ಸಂವಿಧಾನದ 20ನೇ ಸೆಕ್ಷನ್ನಿಗೆ, ಅಂದರೆ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಹೋದರು. ಮಾತಾಡುವ ಹಕ್ಕು ಕೊಟ್ಟು, ಮಾತು ದಾಟಿಸುವ ದಾರಿಯನ್ನು ಒಬ್ಬರೇ ಹಿಡಿದಿಟ್ಟುಕೊಂಡರೆ ಆ ಹಕ್ಕು ಬರೀ ಕಾಗದದ ಮೇಲೆ ಉಳಿಯುತ್ತದೆ, ಅಲ್ವಾ? 1995ರಲ್ಲಿ ಸುಪ್ರೀಂ ಕೋರ್ಟ್ ಈ ವಾದ ಒಪ್ಪಿತು. ನಿಗಮದ ಏಕಸ್ವಾಮ್ಯ ಸಂವಿಧಾನಕ್ಕೆ ವಿರುದ್ಧ ಅಂದಿತು. ಸರ್ಕಾರ ಸುಮ್ನೆ ಕೂರಲಿಲ್ಲ. ಅಧ್ಯಕ್ಷ ಮುಗಾಬೆ 1996ರಲ್ಲಿ ವಿಶೇಷ ಆದೇಶ ಹೊರಡಿಸಿ ಲೈಸೆನ್ಸನ್ನು ಕಡ್ಡಾಯ ಮಾಡಿದರು. ಮಸಿಯಿವಾ ಅವರ ಇಕೋನೆಟ್ ಸೇವೆ ಶುರುವಾಗಿದ್ದು 1998ರಲ್ಲಿ.

ರೇಡಿಯೋದಲ್ಲೂ ಇದೇ ನಡೆಯಿತು. 2000ದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸರ್ಕಾರಿ ಪ್ರಸಾರ ಸಂಸ್ಥೆಯ ಏಕಸ್ವಾಮ್ಯವನ್ನೂ ರದ್ದು ಮಾಡಿತು. ಕ್ಯಾಪಿಟಲ್ ರೇಡಿಯೋ ಎಂಬ ಖಾಸಗಿ ಕೇಂದ್ರ ರಾಜಧಾನಿ ಹರಾರೆಯ ಒಂದು ಹೋಟೆಲಿನಿಂದ ಪ್ರಸಾರ ಶುರು ಮಾಡಿತು. ಅಕ್ಟೋಬರ್ ಮೊದಲ ವಾರದಲ್ಲೇ ಪೊಲೀಸರು ಬಂದು ಬಾಗಿಲು ಹಾಕಿಸಿದರು. ಮತ್ತೆ ಅಧ್ಯಕ್ಷರ ಆದೇಶ, ಮತ್ತೆ ಲೈಸೆನ್ಸಿನ ಮಾತು.

ಮುಗಾಬೆ ಹೋದ ಮೇಲೂ ಲೈಸೆನ್ಸಿನ ಹಿಡಿತ ಸಡಿಲವಾಗಲಿಲ್ಲ. 2019ರ ಜನವರಿಯಲ್ಲಿ ಪೆಟ್ರೋಲ್ ದರ ಎರಡು ಪಟ್ಟಿಗೂ ಜಾಸ್ತಿ ಏರಿತು. ಜನ ಬೀದಿಗಿಳಿದರು. 15ನೇ ತಾರೀಕು ಇಂಟರ್‌ನೆಟ್ ನಿಂತಿತು.

ಇಡೀ ದೇಶದ ಇಂಟರ್‌ನೆಟ್ ನಿಲ್ಲಿಸುವುದು ಹೇಗೆ ಅಂತ ಜನ ಕೇಳುತ್ತಾರೆ. ಟವರ್‌ಗಳನ್ನು ಮುಟ್ಟಬೇಕಾಗಿಯೇ ಇಲ್ಲ. ಜಿಂಬಾಬ್ವೆಗೆ ಸಮುದ್ರತೀರವಿಲ್ಲ. 2019ರಲ್ಲಿ ಅಲ್ಲಿನ ಡೇಟಾ ಬಹುತೇಕ ಪಕ್ಕದ ದೇಶಗಳ ಫೈಬರ್ ಮೂಲಕವೇ ಸಮುದ್ರದಡಿಯ ಕೇಬಲ್ ಸೇರಬೇಕಿತ್ತು. ಹೊರಗೆ ಹೋಗುವ ಗೇಟ್‌ವೇಗಳು ಕೆಲವೇ ಕಂಪನಿಗಳ ಕೈಯಲ್ಲಿದ್ದವು. ಆ ಕಂಪನಿಗಳಿಗೆ ಆದೇಶ ಹೋದರೆ ಸಾಕಿತ್ತು. ಡೇಟಾಗೆ ದಾರಿ ತೋರಿಸುವ ರೂಟರ್‌ನಲ್ಲಿ ನಾಲ್ಕು ಸಾಲು ಬದಲಾಯಿಸಿದರೆ ಕೆಲಸ ಮುಗಿಯಿತು. ವಾಟ್ಸಾಪ್, ಫೇಸ್‌ಬುಕ್ ಮಾತ್ರ ತಡೆಯುವುದಾದರೆ ಆ ವಿಳಾಸಗಳಿಗೆ ಫಿಲ್ಟರ್ ಹಾಕುತ್ತಾರೆ. ಅಲ್ಲಿ ಎರಡೂ ನಡೆದವು. ಇದನ್ನು ಮಾಡುವ ಕೈ ಕಂಟ್ರೋಲ್ ರೂಮಿನಲ್ಲಿ ಪಾಳಿಯಲ್ಲಿರುವ ಎಂಜಿನಿಯರ್‌ದು.

ಪೆಟ್ಟು ಪತ್ರಕರ್ತರಿಗಷ್ಟೇ ಬೀಳಲಿಲ್ಲ. ನಗದಿನ ಕೊರತೆಯಿದ್ದ ದೇಶ ಅದು. ಬ್ರೆಡ್ ಕೊಳ್ಳುವುದಕ್ಕೂ ಜನ ಇಕೋಕ್ಯಾಶ್ ಎಂಬ ಮೊಬೈಲ್ ಹಣವನ್ನು ನಂಬಿದ್ದರು. ಅದೂ ಕೈಕೊಟ್ಟಿತು. ಬೀದಿಯಲ್ಲಿ ಗುಂಡು ಹಾರುತ್ತಿರುವಾಗ ಅದನ್ನು ಹೊರಗೆ ತಿಳಿಸುವ ದಾರಿ ಬಹುತೇಕ ಮುಚ್ಚಿಹೋಗಿತ್ತು.

ಆಗ ಇಕೋನೆಟ್ ಒಂದು ಒಳ್ಳೆಯ ಕೆಲಸ ಮಾಡಿತು. ಆದೇಶ ಪಾಲಿಸಿತು ನಿಜ. ಪಾಲಿಸದಿದ್ದರೆ ಅಧಿಕಾರಿಗಳಿಗೆ ಜೈಲಾಗಬಹುದಿತ್ತು. ಆದರೆ ಯಾವ ಕಾನೂನಿನಡಿ ಸೇವೆ ನಿಲ್ಲಿಸಿದ್ದೇವೆ ಅಂತ ಗ್ರಾಹಕರಿಗೆ ಬಹಿರಂಗವಾಗಿ ತಿಳಿಸಿತು. ಮಾಧ್ಯಮ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡುವ ಮೀಸಾ ಜಿಂಬಾಬ್ವೆ ಸಂಸ್ಥೆ ಮತ್ತು ಮಾನವ ಹಕ್ಕುಗಳ ವಕೀಲರು ಹೈಕೋರ್ಟಿಗೆ ಹೋದರು. ಜನವರಿ 21ರಂದು ಕೋರ್ಟ್, ಆ ಆದೇಶ ಕೊಡಲು ಭದ್ರತಾ ಖಾತೆಯ ಸಚಿವರಿಗೆ ಅಧಿಕಾರವೇ ಇಲ್ಲ ಅಂದಿತು. ಸೇವೆ ಮರಳಿತು. ನನ್ನ ಬೇಸರ ಏನೆಂದರೆ, ಈ ತೀರ್ಪು ನಿಂತದ್ದು ಸಹಿ ಯಾರದ್ದು ಅನ್ನುವುದರ ಮೇಲೆ. ಇಂಟರ್‌ನೆಟ್ ನಿಲ್ಲಿಸುವುದೇ ಹಕ್ಕಿನ ಉಲ್ಲಂಘನೆ ಅಂತ ಅದು ಹೇಳಲಿಲ್ಲ. 1995ರ ತೀರ್ಪು ಹಕ್ಕಿನ ಪ್ರಶ್ನೆಯವರೆಗೂ ಹೋಗಿತ್ತು.

ಆದರೂ ಸಹಿ ಸಣ್ಣ ವಿಷಯವಲ್ಲ. ಬಾಯಿಮಾತಿನ ಆದೇಶವನ್ನು ಯಾವ ಕೋರ್ಟಿನಲ್ಲಿ ಪ್ರಶ್ನಿಸುವುದು? ಹಾಗಾಗಿ ಯಾವ ದೇಶದ ಕಂಟ್ರೋಲ್ ರೂಮಿನಲ್ಲಿದ್ದರೂ ಮೊದಲು ಲಿಖಿತ ಆದೇಶ ಕೇಳಿ. ಕಾನೂನಿನ ಸೆಕ್ಷನ್, ಸಹಿ ಹಾಕಿದವರ ಹುದ್ದೆ, ಎಲ್ಲಿಂದ ಎಲ್ಲಿಯವರೆಗೆ, ಎಷ್ಟು ಹೊತ್ತು ಅನ್ನುವುದು ಅದರಲ್ಲಿರಲಿ. ನಿಲ್ಲಿಸಿದ ಮತ್ತು ಮತ್ತೆ ಚಾಲೂ ಮಾಡಿದ ಸಮಯವನ್ನು ಲಾಗ್‌ನಲ್ಲಿ ಬರೆದಿಡಿ. ಇವೆಲ್ಲದರ ಒಂದು ಪ್ರತಿಯನ್ನು ಕಂಪನಿಯ ವಕೀಲರಿಗೆ ಅದೇ ದಿನ ಕಳಿಸಿ.