ಒಂದು ಶಾಕ್ ಅಬ್ಸಾರ್ಬರ್ ಸೋರಿದರೆ ಎರಡನ್ನೂ ಬದಲಾಯಿಸಬೇಕೇ?

ಪ್ರಶ್ನೆ: ನಮ್ಮ ಕಾರು 70,000 ಕಿ.ಮೀ. ಓಡಿದೆ. ಮುಂದಿನ ಎಡಗಡೆಯ ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರುತ್ತಿದೆ. ಬಲಗಡೆಯದು ಒಣಗಿಯೇ ಇದ್ದರೂ ಎರಡನ್ನೂ ಬದಲಾಯಿಸಬೇಕೆಂದು ಗ್ಯಾರೇಜಿನವರು ಹೇಳುತ್ತಿದ್ದಾರೆ. ಸೋರುತ್ತಿರುವ ಒಂದನ್ನು ಮಾತ್ರ ಬದಲಾಯಿಸಿದರೆ ಸಾಲದೇ?

ಉತ್ತರ: ಸಾಲದು. ಗ್ಯಾರೇಜಿನವರ ಸಲಹೆ ಸರಿಯಾಗಿದೆ. ಮುಂದಿನ ಎರಡನ್ನೂ ಒಟ್ಟಿಗೇ ಬದಲಾಯಿಸಿ. ಹಿಂದಿನ ಎರಡು ಸುಸ್ಥಿತಿಯಲ್ಲಿದ್ದರೆ ಅವನ್ನು ಮುಟ್ಟಬೇಕಾಗಿಲ್ಲ. ಜೋಡಿ ಎಂದರೆ ಎಡ ಮತ್ತು ಬಲ, ನಾಲ್ಕೂ ಅಲ್ಲ.

ಕಾರಿನ ಭಾರ ಹೊರುವುದು ಸ್ಪ್ರಿಂಗ್, ಶಾಕ್ ಅಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಚಕ್ರ ಉಬ್ಬನ್ನು ಹತ್ತಿದಾಗ ಸ್ಪ್ರಿಂಗ್ ಕುಗ್ಗುತ್ತದೆ, ಮರುಕ್ಷಣವೇ ಹಿಗ್ಗುತ್ತದೆ, ತಡೆಯುವುದೇನೂ ಇಲ್ಲದಿದ್ದರೆ ಹೀಗೆಯೇ ಹಲವು ಬಾರಿ ಕುಣಿಯುತ್ತದೆ. ಆ ಕುಣಿತವನ್ನು ಅಡಗಿಸುವುದು ಶಾಕ್‌ನ ಕೆಲಸ. ಅದರ ಕೊಳವೆಯ ತುಂಬ ಎಣ್ಣೆ ಇರುತ್ತದೆ. ಒಳಗೆ ಮೇಲೆ ಕೆಳಗೆ ಸರಿಯುವ ಪಿಸ್ಟನ್‌ನ ಕಿರಿದಾದ ರಂಧ್ರಗಳು ಮತ್ತು ವಾಲ್ವ್‌ಗಳ ಮೂಲಕ ಆ ಎಣ್ಣೆ ಕಷ್ಟಪಟ್ಟು ನುಸುಳಬೇಕಾಗುವುದರಿಂದ, ಸ್ಪ್ರಿಂಗ್‌ನ ಚಲನೆಯ ಶಕ್ತಿ ಶಾಖವಾಗಿ ಮಾರ್ಪಟ್ಟು ಹೊರಹೋಗುತ್ತದೆ. ಗ್ಯಾಸ್ ಶಾಕ್ ಎನ್ನುವುದರಲ್ಲಿಯೂ ಕೆಲಸ ಮಾಡುವುದು ಎಣ್ಣೆಯೇ. ಅದು ನೊರೆಗಟ್ಟದಂತೆ ಒತ್ತಡ ಕೊಡಲು ನೈಟ್ರೋಜನ್ ತುಂಬಿರುತ್ತಾರೆ.

ಆದ್ದರಿಂದ ಶಾಕ್ ಸವೆದರೆ ಕೆಡುವುದು ಪ್ರಯಾಣದ ಸುಖವಷ್ಟೇ ಅಲ್ಲ. ಟೈರ್ ರಸ್ತೆಯನ್ನು ಬಿಟ್ಟು ಪುಟಿಯುವ ಆ ಕ್ಷಣದಲ್ಲಿ ಆ ಚಕ್ರಕ್ಕೆ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ. ಮಳೆಗಾಲದಲ್ಲಿ ಚಾರ್ಮಾಡಿ ಘಾಟಿಯ ತಿರುವೊಂದನ್ನು ಇಳಿಯುತ್ತ ಬ್ರೇಕ್ ಒತ್ತಿದಾಗ ಕಾರಿನ ಭಾರವೆಲ್ಲ ಮುಂದಕ್ಕೂ ತಿರುವಿನ ಹೊರಬದಿಗೂ ವಾಲುತ್ತದೆ. ಆಗ ಒಂದು ಬದಿಯ ಶಾಕ್ ಹೊಸದಾಗಿ ಬಿಗಿಯಾಗಿದ್ದು, ಇನ್ನೊಂದು 70,000 ಕಿ.ಮೀ. ಸವೆದು ಸಡಿಲವಾಗಿದ್ದರೆ, ಎಡತಿರುವಿನಲ್ಲಿ ಒಂದು ಬಗೆಯಾಗಿಯೂ ಬಲತಿರುವಿನಲ್ಲಿ ಇನ್ನೊಂದು ಬಗೆಯಾಗಿಯೂ ಕಾರು ವರ್ತಿಸುತ್ತದೆ. ಜೋಡಿಯಾಗಿ ಬದಲಾಯಿಸಿ ಎನ್ನುವುದಕ್ಕೆ ಇದೇ ಕಾರಣ.

ಬಲಗಡೆಯದು ಒಣಗಿದೆ ಎಂಬುದು ಅದು ಗಟ್ಟಿಯಾಗಿದೆ ಎಂಬುದಕ್ಕೆ ಪುರಾವೆಯಲ್ಲ. ಎಣ್ಣೆ ಹೊರಬಾರದಂತೆ ತಡೆಯುವ ಆಯಿಲ್ ಸೀಲ್ ಹಾಳಾಗಿದ್ದರೆ ಕಣ್ಣಿಗೆ ಕಾಣುತ್ತದೆ, ಒಳಗಿನ ವಾಲ್ವ್ ಸವೆದಿದ್ದರೆ ಕಾಣುವುದಿಲ್ಲ. ಬಾನೆಟ್ಟಿನ ಆ ಮೂಲೆಯನ್ನು ಬಲವಾಗಿ ಒತ್ತಿ ಬಿಡಿ. ಒಮ್ಮೆ ಮೇಲೆದ್ದು ನಿಲ್ಲದೆ ಮತ್ತೆ ಮತ್ತೆ ತೂಗಿದರೆ ಆ ಶಾಕ್ ಮುಗಿದಿದೆ. ತೂಗದಿದ್ದರೂ ಸವೆದಿರಬಹುದು. ಟೈರಿನ ಮೇಲೆ ಕೈಯಾಡಿಸಿದಾಗ ಅಲ್ಲಲ್ಲಿ ತಗ್ಗುಗಳು ಸಿಕ್ಕಿದರೆ ಅದನ್ನೂ ಎಚ್ಚರಿಕೆಯೆಂದು ತಿಳಿಯಬೇಕು. ಪಿಸ್ಟನ್‌ಗೆ ಜೋಡಿಸಿದ, ಕೊಳವೆಯಿಂದ ಹೊರಚಾಚಿದ ರಾಡ್‌ನ ಬಳಿ ತೆಳುವಾದ ಎಣ್ಣೆಯ ಪಸೆ ಇರುವುದು ಸಹಜ. ಶಾಕ್‌ನ ಮೈಮೇಲೆ ಎಣ್ಣೆ ಇಳಿದು ಧೂಳು ಮೆತ್ತಿಕೊಂಡಿದ್ದರೆ ಮಾತ್ರ ಸೋರಿಕೆ.

ಒಂದು ಅಪವಾದವಿದೆ. ಹಾಕಿಸಿ ಕೆಲವೇ ಸಾವಿರ ಕಿ.ಮೀ. ಆಗಿರುವ ಶಾಕ್ ತಯಾರಿಕೆಯ ದೋಷದಿಂದಲೋ ಅಪಘಾತದಿಂದಲೋ ಹಾಳಾದರೆ, ಅದೇ ಕಂಪನಿಯ ಅದೇ ಮಾದರಿಯದನ್ನು ಒಂದೇ ಹಾಕಿಸಬಹುದು. ನಿಮ್ಮ ಕಾರಿನ ಸ್ಥಿತಿ ಅದಲ್ಲ.

ಇನ್ನು ಕೆಲಸದ ವಿಚಾರ. ಇಂದಿನ ಸಣ್ಣ ಕಾರುಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಈ ವ್ಯವಸ್ಥೆ 1950ರಲ್ಲಿ ಬ್ರಿಟನ್ನಿನ ಫೋರ್ಡ್ ಕಾನ್ಸಲ್ ಕಾರಿನಲ್ಲಿ ಬಂದಿತು. ಇದರಲ್ಲಿ ಶಾಕ್‌ನ ಸುತ್ತ ಸ್ಪ್ರಿಂಗ್ ಕುಳಿತಿರುತ್ತದೆ, ಎರಡೂ ಸೇರಿ ಒಂದೇ ಕಂಬವಾಗಿ ಚಕ್ರವನ್ನು ನೇರವಾಗಿ ಹಿಡಿದಿರುತ್ತವೆ. ಶಾಕ್ ಬದಲಾಯಿಸಲು ಇಡೀ ಕಂಬವನ್ನೇ ಇಳಿಸಬೇಕಾಗುವುದರಿಂದ, ಕಂಬವನ್ನು ಕಾರಿನ ಮೈಗೆ ಕೂರಿಸುವ ಮೇಲಿನ ರಬ್ಬರ್ ಮೌಂಟ್, ಬೇರಿಂಗ್, ಶಾಕ್ ಪೂರ್ತಿ ಕುಗ್ಗಿದಾಗ ಹೊಡೆತ ತಡೆಯುವ ಬಂಪ್ ಸ್ಟಾಪ್ ಮತ್ತು ಧೂಳುಕವಚಗಳನ್ನೂ ಅದೇ ಹೊತ್ತಿನಲ್ಲಿ ಹೊಸದು ಹಾಕಿಸಿ. ಹಣ ಉಳಿಸಲು ಹೋಗಿ ಜನ ಬಿಟ್ಟುಬಿಡುವುದು ಇವನ್ನೇ. ಆಮೇಲೆ ಮೌಂಟ್ ಒಡೆದರೆ ಅದೇ ಕೂಲಿಯನ್ನು ಮತ್ತೊಮ್ಮೆ ತೆರಬೇಕು.

ಇದನ್ನು ಮನೆಯಲ್ಲಿ ಮಾಡಲು ದಯವಿಟ್ಟು ಹೋಗಬೇಡಿ. ಕುಗ್ಗಿ ಕುಳಿತ ಆ ಸ್ಪ್ರಿಂಗ್‌ನಲ್ಲಿ ಪ್ರಾಣ ತೆಗೆಯುವಷ್ಟು ಬಲವಿರುತ್ತದೆ. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್‌ನಿಂದ ಸರಿಯಾಗಿ ಬಿಗಿದ ಹೊರತು ಮೇಲಿನ ನಡುವಣ ನಟ್ಟನ್ನು ಯಾರೂ ಬಿಚ್ಚಬಾರದು. ಗ್ಯಾರೇಜಿನಲ್ಲಿಯೂ ಮೂರು ಸಂಗತಿಗಳನ್ನು ನೀವು ಕೇಳಿ ತಿಳಿದುಕೊಳ್ಳಬಹುದು: ಹೊಳೆಯುವ ರಾಡನ್ನು ಇಕ್ಕಳದಿಂದ ಹಿಡಿಯುತ್ತಿಲ್ಲವಷ್ಟೇ (ಒಂದು ಗೀರು ಬಿದ್ದರೂ ಅದು ಹೊಸ ಸೀಲನ್ನು ಕೊಯ್ಯುತ್ತದೆ), ಬಿಚ್ಚಿಟ್ಟ ಭಾಗಗಳ ಭಾರ ಬ್ರೇಕ್ ಪೈಪಿನ ಮೇಲೆ ನೇತಾಡುತ್ತಿಲ್ಲವಷ್ಟೇ, ಮತ್ತು ಕೆಲಸವಾದ ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸುತ್ತಾರೆಯೇ. ಸ್ಟ್ರಟ್ ಇಳಿಸಿ ಏರಿಸಿದರೆ ಚಕ್ರದ ಕೋನ ಅಷ್ಟಿಷ್ಟು ಬದಲಾಗುವುದು ಸಾಮಾನ್ಯ. ಅಲೈನ್‌ಮೆಂಟ್ ತಪ್ಪಿದರೆ ಹೊಸ ಟೈರ್ ಕೂಡ ಒಂದೇ ಅಂಚಿನಲ್ಲಿ ಸವೆಯುತ್ತದೆ.

ಹಳೆಯ ಶಾಕ್‌ಗೆ ರಂಧ್ರ ಕೊರೆದು, ಎಣ್ಣೆ ತುಂಬಿ, ಬೆಸುಗೆ ಹಾಕಿ ‘ರೀಕಂಡೀಷನ್’ ಮಾಡಿಕೊಡುವವರೂ ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಅದು ಬೇಡ. ಸವೆದ ವಾಲ್ವ್ ಸವೆದಂತೆಯೇ ಉಳಿಯುತ್ತದೆ, ಎಡಬಲಗಳು ಸಮವಾಗುತ್ತವೆ ಎಂಬ ಭರವಸೆಯೂ ಇರುವುದಿಲ್ಲ.

ಬದಲಾಯಿಸಿದ ಮೇಲೆ ಮೊದಲ ಬಾರಿ ಉಬ್ಬು ದಾಟುವಾಗ ಕಿಟಕಿ ಇಳಿಸಿ, ರೇಡಿಯೊ ನಿಲ್ಲಿಸಿ ಆಲಿಸಿ. ಸವಾರಿ ಸ್ವಲ್ಪ ಬಿಗಿಯೆನಿಸುವುದು ಸಹಜ. ಆದರೆ ‘ಟಕ್’ ಎಂಬ ಸದ್ದು ಕೇಳಿಬಂದರೆ ಮೇಲಿನ ನಟ್ಟೋ ಮೌಂಟೋ ಸರಿಯಾಗಿ ಕುಳಿತಿಲ್ಲದಿರುವ ಸಾಧ್ಯತೆ ಹೆಚ್ಚು. ಅಂದೇ ಕಾರನ್ನು ಗ್ಯಾರೇಜಿಗೆ ಹಿಂತಿರುಗಿಸಿ ಬಿಗಿಸಿಕೊಳ್ಳಿ.